ದಪ್ಪ ಕಬ್ಬಿಣಕ್ಕೆ ವೆಲ್ಡಿಂಗ್ ಮಷೀನ್: ಮೊದಲು ಸಾಕೆಟ್ ನೋಡಿ

ಡಬ್ಬದ ಮೇಲೆ ದೊಡ್ಡದಾಗಿ 250 ಅಂತ ಬರೆದಿದ್ದರೆ ಸದ್ಯಕ್ಕೆ ಅದನ್ನು ಮರೆತುಬಿಡಿ. ಎಷ್ಟೋ ಸಲ ಅದು ಮಾಡೆಲ್ ಹೆಸರಿನ ಭಾಗ ಅಷ್ಟೇ. ಓದಬೇಕಾದದ್ದು ಮಷೀನ್ ಮೈಗೆ ಅಂಟಿಸಿದ ಚಿಕ್ಕ ನೇಮ್ ಪ್ಲೇಟು. ಯಾವ ಡ್ಯೂಟಿ ಸೈಕಲ್‌ಗೆ ಎಷ್ಟು ಆಂಪ್ ಸಿಗುತ್ತದೆ, ಲೈನಿನಿಂದ ಎಷ್ಟು ಆಂಪ್ ಎಳೆಯುತ್ತದೆ ಎರಡೂ ಅದರಲ್ಲೇ ಇರುತ್ತವೆ. ಆ ಪ್ಲೇಟೇ ಇಲ್ಲದ ಮಷೀನು ಬೇಡ.

ಡ್ಯೂಟಿ ಸೈಕಲ್ ಅಂದರೆ 10 ನಿಮಿಷದಲ್ಲಿ ಎಷ್ಟು ಹೊತ್ತು ಆರ್ಕ್ (ಲೋಹ ಕರಗಿಸುವ ವಿದ್ಯುತ್ ಜ್ವಾಲೆ) ಉರಿಸಬಹುದು ಅನ್ನುವ ಲೆಕ್ಕ. 200 ಆಂಪಿಗೆ ಶೇ. 20 ಅಂದರೆ 2 ನಿಮಿಷ ವೆಲ್ಡ್, 8 ನಿಮಿಷ ಬಿಡುವು. ಬಿಸಿ ಏರುವುದು ಕರೆಂಟಿನ ವರ್ಗಕ್ಕೆ (ಕರೆಂಟ್ × ಕರೆಂಟ್) ತಕ್ಕಂತೆ. ಹಾಗಾಗಿ ಅದೇ ಮಷೀನು 160 ಆಂಪಿನಲ್ಲಿ 3 ನಿಮಿಷ ಓಡುತ್ತದೆ, 120 ಆಂಪಿನಲ್ಲಿ ಐದೂವರೆ ನಿಮಿಷ. ಈ ಅಂಕಿಗಳನ್ನು 40 ಡಿಗ್ರಿ ಬಿಸಿಯ ಗಾಳಿಗೆ ಲೆಕ್ಕ ಹಾಕಿರುತ್ತಾರೆ; ಧೂಳು ತುಂಬಿ ಫ್ಯಾನ್ ಕಟ್ಟಿಕೊಂಡಿದ್ದರೆ ಅದೂ ಸಿಗುವುದಿಲ್ಲ.

ಇನ್ನು ಸಾಕೆಟ್. ಹೆಚ್ಚಿನವರು ಎಡವುವುದು ಇಲ್ಲೇ. 160 ಆಂಪಿನ ಆರ್ಕಿಗೆ ಸುಮಾರು 26 ವೋಲ್ಟ್ ಬೇಕು, ಅಂದರೆ 4.2 ಕಿಲೋವ್ಯಾಟ್. ಮಷೀನಿನ ಒಳಗಿನ ನಷ್ಟ ಸೇರಿದರೆ 5. ಸಾಮಾನ್ಯ ಇನ್ವರ್ಟರ್ ಮಷೀನಿನ (ಎಲೆಕ್ಟ್ರಾನಿಕ್ಸ್‌ನಿಂದ ಕರೆಂಟ್ ಬದಲಿಸುವ ವೆಲ್ಡಿಂಗ್ ಮಷೀನು) ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.7 ಆಸುಪಾಸು ಇರುವುದರಿಂದ 230 ವೋಲ್ಟ್ ಲೈನಿನಿಂದ 30 ಆಂಪಿನಷ್ಟು ಎಳೆಯುತ್ತದೆ. 16 ಆಂಪಿನ ಸಾಕೆಟ್ಟಿಗೆ ಸಿಕ್ಕಿಸಿದರೆ ವೆಲ್ಡಿಂಗಿಗೆ 90–100 ಆಂಪ್ ದಾಟುವುದು ಕಷ್ಟ, ಮಷೀನು ಎಷ್ಟೇ ದೊಡ್ಡದಿರಲಿ. ದಪ್ಪ ಕೆಲಸ ಮಾಡುವುದೇ ಆದರೆ ಎಲೆಕ್ಟ್ರಿಷಿಯನ್ ಕೈಲಿ 32 ಆಂಪಿನ ಬೇರೆ ಲೈನ್ ಎಳೆಸಿ. ತೆಳ್ಳಗಿನ ಉದ್ದ ಎಕ್ಸ್‌ಟೆನ್ಷನ್ ವೈರು ಬೇಡ. ಅದರಲ್ಲಿ ವೋಲ್ಟೇಜ್ ಇಳಿದು ಆರ್ಕ್ ಸೊರಗುತ್ತದೆ, ರಾಡ್ ಅಂಟಿಕೊಳ್ಳುತ್ತದೆ, ಬೈಗುಳ ಮಾತ್ರ ಮಷೀನಿಗೆ.

ಯಾವ ಬಗೆ? 6 ಮಿ.ಮೀ. ಮೇಲ್ಪಟ್ಟ ಕೆಲಸ ಆಗಾಗ ಇದ್ದರೆ ಡಿಸಿ ಇನ್ವರ್ಟರ್ ಸ್ಟಿಕ್ (ರಾಡ್ ಹಾಕಿ ಬೆಸೆಯುವ) ಮಷೀನು, ಶೇ. 60 ಡ್ಯೂಟಿ ಸೈಕಲ್‌ಗೆ 160 ಆಂಪ್ ಕೊಡುವಂಥದ್ದು. ತುಕ್ಕು, ಗಾಳಿ, ಬಯಲು ಎಲ್ಲವನ್ನೂ ಸ್ಟಿಕ್ ಸಹಿಸಿಕೊಳ್ಳುತ್ತದೆ. 2.5 ಮಿ.ಮೀ. ರಾಡಿಗೆ 60–90 ಆಂಪ್, 3.15ಕ್ಕೆ 90–130, 4ಕ್ಕೆ 140–180. ಮನೆ ಕೆಲಸದ ಮುಕ್ಕಾಲು ಪಾಲು 3.15ರಲ್ಲೇ ಮುಗಿಯುತ್ತದೆ. 7018 ರಾಡ್ (ಹೈಡ್ರೋಜನ್ ಕಡಿಮೆ ಬಿಡುವ ಬಗೆ) ಹಾಕುವ ಯೋಚನೆ ಇದ್ದರೆ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಆರ್ಕ್ ಹತ್ತುವ ಮುಂಚಿನ ವೋಲ್ಟೇಜ್, 65–70 ಇದೆಯೇ ನೋಡಿಕೊಳ್ಳಿ. ಕಡಿಮೆ ಇದ್ದರೆ ಆರ್ಕ್ ಹತ್ತಲು ತಕರಾರು. ಆ ರಾಡ್ ತೇವ ಹೀರಿದ್ದರೆ ಹೈಡ್ರೋಜನ್ ಲೋಹದೊಳಗೆ ಸೇರುತ್ತದೆ, ದಪ್ಪ ಕಬ್ಬಿಣದಲ್ಲಿ ಎಷ್ಟೋ ಗಂಟೆ ಬಿಟ್ಟು ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುತ್ತದೆ.

ಮಿಗ್ ಮಷೀನು (ರಾಡ್ ಬದಲು ಗನ್ನಿನಿಂದ ವೈರು ತಾನೇ ಬರುತ್ತಾ ಕರಗುವಂಥದ್ದು) ಕೈಗೆ ಸಲೀಸು, ಮೋಸವೂ ಅಲ್ಲೇ. ಕಡಿಮೆ ವೋಲ್ಟಿನಲ್ಲಿ ವೈರು ತಟತಟ ಮುಟ್ಟಿ ಕರಗುವಾಗ ಬಿಸಿ ಸಾಲದೆ, ಕರಗಿದ ಲೋಹ ಪ್ಲೇಟಿನ ಮೇಲೆ ಸುಮ್ಮನೆ ಕೂರುತ್ತದೆ. ಸಾಲು ನೋಡಲು ಚೆಂದ, ಒಳಗೆ ಹಿಡಿದಿರುವುದಿಲ್ಲ. 6 ಮಿ.ಮೀ. ಒಂದೇ ಪಾಸಿನಲ್ಲಿ, ಅಂದರೆ ಒಂದೇ ಸಾಲು ಬೆಸುಗೆಯಲ್ಲಿ, ಹಿಡಿಯಬೇಕಾದರೆ 180–200 ಆಂಪ್ ಇರಬೇಕು. ಗ್ಯಾಸ್ ಬೇಡದ ಫ್ಲಕ್ಸ್ ಕೋರ್ ವೈರು (ಒಳಗೆ ಬೆಸುಗೆ ಕಾಯುವ ಪುಡಿ ತುಂಬಿದ ವೈರು) ಬಯಲಿಗೆ ಒಳ್ಳೆಯದು. ಆದರೆ ಅದಕ್ಕೆ ಸಾಮಾನ್ಯವಾಗಿ ಗನ್ ನೆಗೆಟಿವ್‌ಗೆ ಹೋಗಬೇಕು. ಗ್ಯಾಸ್ ಮಿಗ್‌ಗೆ ಇದ್ದ ಪಾಸಿಟಿವ್‌ನಲ್ಲೇ ಬಿಟ್ಟರೆ ಬರೀ ಕಿಡಿ, ಬರೀ ಲೋಹದ ಸಿಡಿತ. ಕೆಲವು ಫ್ಲಕ್ಸ್ ಕೋರ್ ವೈರುಗಳು ಒಂದೇ ಪಾಸಿಗೆ ಮಾತ್ರ, ಪದರದ ಮೇಲೆ ಪದರಕ್ಕೆ ಆಗುವುದಿಲ್ಲ. ರೋಲಿನ ಮೇಲಿನ ಚೀಟಿ ಓದಿ. ಟಿಗ್ (ಕರಗದ ಟಂಗ್‌ಸ್ಟನ್ ತುದಿಯಿಂದ ಬೆಸೆಯುವ ಬಗೆ) ಈ ಕೆಲಸಕ್ಕೆ ತೀರಾ ನಿಧಾನ.

ಪ್ಲೇಟು 10–12 ಮಿ.ಮೀ. ಇದೆ ಅಂತ ಇನ್ನೂ ದೊಡ್ಡ ಮಷೀನಿಗೆ ಹೋಗಬೇಕಿಲ್ಲ. ಅಂಚು ತೀಡಿದರೆ 130 ಆಂಪಿನಲ್ಲೇ ಆಗುತ್ತದೆ. ಗ್ರೈಂಡರಿನಲ್ಲಿ ಎರಡೂ ಅಂಚನ್ನು 30 ಡಿಗ್ರಿಯಷ್ಟು ಓರೆ ಮಾಡಿ, ತುದಿಯಲ್ಲಿ ಒಂದೂವರೆ ಎರಡು ಮಿ.ಮೀ. ಓರೆ ಮಾಡದೆ ಉಳಿಸಿ, ನಡುವೆ 2–3 ಮಿ.ಮೀ. ಸಂದು ಬಿಟ್ಟು ಟ್ಯಾಕ್ (ಜಾಗ ಹಿಡಿದಿಡುವ ಚಿಕ್ಕ ಬೆಸುಗೆ) ಹಾಕಿ. ಮೊದಲ ಪಾಸು 2.5ರ ರಾಡಿನಲ್ಲಿ, ಮೇಲಿನವು 3.15ರಲ್ಲಿ. ಪ್ರತಿ ಪಾಸಿನ ಮೇಲೂ ಸ್ಲ್ಯಾಗ್ (ಬೆಸುಗೆಯ ಮೇಲೆ ಕೂರುವ ಗಟ್ಟಿ ಪೊರೆ) ಕುಟ್ಟಿ, ಬ್ರಷ್ ಹಾಕಿ ಹೊಳೆಯುವ ಲೋಹ ಕಾಣಿಸುವವರೆಗೆ ಉಜ್ಜಬೇಕು. ಬಿಟ್ಟ ಸ್ಲ್ಯಾಗ್ ಮೇಲಿನ ಪದರದ ಅಡಿ ಹೂತು ಅಲ್ಲೇ ಸೀಳುತ್ತದೆ. 25 ಮಿ.ಮೀ. ದಾಟಿದರೆ ವೆಲ್ಡ್ ಮಾಡುವ ಮುಂಚೆ ಪ್ಲೇಟು ಬಿಸಿ ಮಾಡಿಕೊಳ್ಳಬೇಕಾಗುತ್ತದೆ.

ಜೊತೆಗೆ ಬರುವ ಕೇಬಲ್ಲುಗಳನ್ನೂ ನೋಡಿ. 160–200 ಆಂಪಿಗೆ 25ರಿಂದ 35 ಚದರ ಮಿ.ಮೀ. ತಾಮ್ರ ಬೇಕು. ಕಡ್ಡಿ ದಪ್ಪದ ವೈರು, ತಗಡಿನ ಅರ್ಥ್ ಕ್ಲಾಂಪು ಇದ್ದರೆ ಬದಲಿಸಿ. ಕ್ಲಾಂಪ್ ಬಿಸಿಯಾಗುತ್ತಿದೆ ಅಂದರೆ ಆರ್ಕಿಗೆ ಹೋಗಬೇಕಾದ ಶಕ್ತಿ ಅಲ್ಲಿ ಸುಡುತ್ತಿದೆ. ಹೆಲ್ಮೆಟ್ಟಿನ ಗಾಜು ಈ ಆಂಪುಗಳಿಗೆ 10–12 ನಂಬರಿನದು.

ಕೊಳ್ಳುವ ಮುಂಚೆ ಸಾಧ್ಯವಾದರೆ ನಿಮ್ಮದೇ ದಪ್ಪದ ಎರಡು ತುಂಡು ಒಯ್ದು ಪರೀಕ್ಷೆ ಮಾಡಿ. ಒಂದರ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ ಒಂದೇ ಬದಿ ವೆಲ್ಡ್ ಮಾಡಿ, ಪೂರ್ತಿ ಆರಿದ ಮೇಲೆ ಬೆಸುಗೆ ಇರುವ ಬದಿಗೆ ಮಡಚುವಂತೆ ಸುತ್ತಿಗೆಯಿಂದ ಹೊಡೆಯಿರಿ. ಮುರಿದ ಜಾಗದಲ್ಲಿ ಮೂಲೆಯವರೆಗೂ ಹರಿದ ಲೋಹ ಕಂಡರೆ ಸರಿ. ಪ್ಲೇಟಿನ ಅಂಚು ಮೂಲೆಯಲ್ಲಿ ಹಾಗೇ ನುಣ್ಣಗೆ, ಕತ್ತರಿಸಿದ ಗುರುತಿನ ಸಮೇತ ಉಳಿದಿದ್ದರೆ ಅಲ್ಲಿ ಬೆಸುಗೆ ಆಗಿಯೇ ಇಲ್ಲ. ಆಂಪ್ ಏರಿಸಿ ಇನ್ನೊಮ್ಮೆ ಮಾಡಿ. ಆಗಲೂ ಹಾಗೇ ಬಂದರೆ ಬೇರೆ ಮಷೀನು ನೋಡಿ.