ಅರ್ಧರ್ಧ ಮಾಡುವುದನ್ನು ಬಿಟ್ಟ ಮೇಲೆ ರೇಖೆ ನೆಟ್ಟಗಾಯಿತು

ಸಾಂದ್ರತೆಗೆ ತಕ್ಕಂತೆ ಉಪಕರಣದ ಸ್ಪಂದನೆ ಏರುವುದನ್ನು ತೋರಿಸುವ ನನ್ನ ರೇಖೆಗೆ ಆರ್ ಸ್ಕ್ವೇರ್ (ಬಿಂದುಗಳು ನೇರ ಗೆರೆಗೆ ಎಷ್ಟು ಹೊಂದುತ್ತವೆ ಎಂಬ ಅಂಕಿ, ಗರಿಷ್ಠ 1) 0.999 ಬಂದಿತ್ತು. ಆದರೂ ಕೆಳತುದಿಯ ಬಿಂದುವನ್ನು ರೇಖೆಯಿಂದ ಮರಳಿ ಲೆಕ್ಕ ಹಾಕಿದರೆ ಶೇಕಡಾ 12-13ರಷ್ಟು ಹೆಚ್ಚು! ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಔಷಧದ ಕಲ್ಮಶ ಅಳೆಯುವ ವಿಧಾನ. ಮಿತಿ ಶೇಕಡಾ 0.5, ವರದಿ ಮಾಡಬೇಕಾದ ಮಟ್ಟ 0.05. ಐಸಿಎಚ್ (ಔಷಧ ಮಾರ್ಗಸೂಚಿಗಳ ಅಂತರರಾಷ್ಟ್ರೀಯ ಮಂಡಳಿ) ಕೇಳುವ ಐದು ಸಾಂದ್ರತೆಗಳಿವೆ, ಸುಮ್ಮನೆ ಸಹಿ ಹಾಕು ಎಂದರು ಜೊತೆಯವರು. ನನಗೆ ಮನಸ್ಸು ಒಪ್ಪಲಿಲ್ಲ.

0.6ರಿಂದ ಅರ್ಧರ್ಧ ಮಾಡುತ್ತಾ 0.3, 0.15, 0.075, 0.0375ಕ್ಕೆ ಇಳಿದಿದ್ದೆ. ಲೆವರೇಜ್, ಅಂದರೆ ಒಂದು ಬಿಂದು ಗೆರೆಯನ್ನು ತನ್ನತ್ತ ಎಳೆಯುವ ಬಲ (ಗರಿಷ್ಠ 1), ನೋಡಿದರೆ ಮೇಲಿನ ಒಂದೇ ಬಿಂದುವಿಗೆ ಸುಮಾರು 0.85. ಅದನ್ನು ಬಿಟ್ಟು ಉಳಿದ ನಾಲ್ಕಕ್ಕೆ ಗೆರೆ ಎಳೆದೆ. ಗೆರೆ ಸೊನ್ನೆಗೇ ಹೋಯಿತು, ಇಳಿಜಾರು ಮಾತ್ರ ಶೇಕಡಾ ಆರರಷ್ಟು ಕಡಿಮೆ. ಅಂದರೆ ಮೊದಲ ಸಲ ಅರ್ಧ ಮಾಡುವಾಗಲೇ ಅಳತೆ ಕಡಿಮೆ ಬಿದ್ದಿತ್ತು. ಅದೇ ಪಿಪೆಟ್ಟನ್ನು ಬೆಳಕಿಗೆ ಹಿಡಿದು ಮತ್ತೆ ಎಳೆದಾಗ ತುದಿಯಲ್ಲಿ ಗುಳ್ಳೆಯೊಂದು ಅಂಟಿ ನಿಂತದ್ದು ಕಂಡಿತು. ಒಂದು ಗುಳ್ಳೆಯ ತಪ್ಪು ನಾಲ್ಕು ಫ್ಲಾಸ್ಕ್‌ಗಳಿಗೆ ಹರಿದಿತ್ತು.

ಮುಂದಿನ ಪ್ರಯತ್ನದಲ್ಲಿ ಸಮಾನ ಅಂತರದ ಹತ್ತು ಬಿಂದು ಇಟ್ಟೆ. ಅದು ದುಬಾರಿ ಪಾಠ. ಕಲ್ಮಶದ ಸ್ಟ್ಯಾಂಡರ್ಡ್ (ಹೋಲಿಕೆಗೆ ಬಳಸುವ ಶುದ್ಧ ಮಾದರಿ) ಕೆಲವೇ ಮಿಲಿಗ್ರಾಂ ಬರುತ್ತದೆ, ಬೆಲೆಯಲ್ಲಿ ಹೊಸ ಕಾಲಮ್‌ಗೆ ಸಮ. ಶೀಸೆ ಬರಿದಾಯಿತು, ಇನ್ನೊಂದು ಬರಲು ಮೂರು ವಾರ ಕಾದೆವು. ಇಷ್ಟು ಖರ್ಚಾದರೂ 0.1ರ ಕೆಳಗೆ ಬಿದ್ದದ್ದು ಒಂದೇ ಬಿಂದು.

ಕಾಯುವಾಗ ಹಳೆಯ ಮುಖ್ಯ ಔಷಧದ ದ್ರಾವಣದಿಂದ ಡಿಟೆಕ್ಟರ್‌ನ ನೇರ ರೇಖೆ ಎಲ್ಲಿ ಬಾಗುತ್ತದೆ ಎಂದು ನೋಡಿದೆ. ಪೀಕ್‌ನ ವಿಸ್ತೀರ್ಣವನ್ನು ಸಾಂದ್ರತೆಯಿಂದ ಭಾಗಿಸಿ ಬರೆದುಕೊಂಡರೆ ಸಾಕು. ಪೀಕ್‌ನ ತುದಿ ಸುಮಾರು ಒಂದೂವರೆ ಎಯು (ಬೆಳಕಿನ ಹೀರಿಕೆಯ ಮಾನ) ದಾಟಿದ ಮೇಲೆ ನಮ್ಮ ಉಪಕರಣದಲ್ಲಿ ಆ ಅನುಪಾತ ಜಾರತೊಡಗಿತು. ಕಲ್ಮಶದ ಸಣ್ಣ ಪೀಕ್‌ಗೆ ಅದರ ಗೊಡವೆಯಿಲ್ಲ, ಅಸ್ಸೇ (ಮುಖ್ಯ ಔಷಧದ ಪ್ರಮಾಣದ ಅಳತೆ) ಮಾಡುವವರು ಇದನ್ನು ಒಮ್ಮೆ ನೋಡಲೇಬೇಕು.

ಕೊನೆಗೆ ನಿಂತದ್ದು 0.05, 0.1, 0.2, 0.35, 0.5, 0.6. ಬೇರೆ ಬೇರೆ ತೂಗಿದ ಎರಡು ಸ್ಟಾಕ್‌ಗಳು (ಮೂಲ ದ್ರಾವಣಗಳು), ಒಂದು ಬಿಟ್ಟು ಒಂದು ಬಿಂದು ಒಂದೊಂದರಿಂದ. ಯಾವುದನ್ನೂ ಇನ್ನೊಂದರಿಂದ ದುರ್ಬಲಗೊಳಿಸುವಂತಿಲ್ಲ. ಇಂಜೆಕ್ಷನ್ ಕ್ರಮ ಚೀಟಿ ಎತ್ತಿ. ಮೇಲಿನ ಬಿಂದುವಿನ ಲೆವರೇಜ್ 0.53ಕ್ಕೆ ಇಳಿಯಿತು. ಕೆಳಗಿನ ಬಿಂದುಗಳಿಗೆ ಹೆಚ್ಚು ಬೆಲೆ ಸಿಗುವಂತೆ 1/ಎಕ್ಸ್ (ಎಕ್ಸ್ ಅಂದರೆ ಸಾಂದ್ರತೆ) ತೂಕ ಕೊಟ್ಟ ಮೇಲೆ 0.05ರ ಬಿಂದು ಶೇಕಡಾ ಮೂರು-ನಾಲ್ಕರೊಳಗೆ ನಿಂತಿತು. ಮೂರು ಬ್ಯಾಚ್‌ಗಳಲ್ಲೂ ಅಷ್ಟೇ. ಕೆಳಗಿನ ಎರಡು ಬಿಂದುಗಳ ವಯಲ್‌ಗಳನ್ನು ನಾನು ಹದಗೊಳಿಸುವ ರೀತಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಸಹಿ ಹಾಕು ಎಂದವರೇ ಈಗ ಹೊಸ ವಿಧಾನ ಶುರುಮಾಡುವ ಮೊದಲು ನನ್ನ ಲೆವರೇಜ್ ಹಾಳೆಯನ್ನು ಕೇಳಿ ಪಡೆಯುತ್ತಾರೆ.