ಮುಖ ನೋಡಿದರೆ ಗೊತ್ತಾಗಲ್ಲ, ನಡೆ ನೋಡಿ

ನಾನು ಹೈಸ್ಕೂಲಿನಲ್ಲಿ 26 ವರ್ಷ ಪಾಠ ಮಾಡಿದವಳು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಮಾತು ಬಂದರೆ ಪೋಷಕರು ಕೇಳುತ್ತಿದ್ದದ್ದು ಒಂದೇ: "ಅಂಥವರನ್ನ ಗುರುತು ಹಿಡಿಯೋದು ಹೇಗೆ ಮೇಡಂ?"

ನಮ್ಮ ಬೀದಿಯಲ್ಲಿ ಸಿಕ್ಕಿಬಿದ್ದವನು ಗಣಪತಿ ಚಂದಾ ಎತ್ತುತ್ತಿದ್ದ, ಎಲ್ಲರ ಮನೆಯ ಸಿಲಿಂಡರ್ ಹೊತ್ತುಕೊಡುತ್ತಿದ್ದ. ನಾನೇ ಎಷ್ಟೋ ಸಲ ಕಾಫಿ ಕೊಟ್ಟಿದ್ದೇನೆ. 2007ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಅಧ್ಯಯನದಲ್ಲೂ ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರೇ.

ಆಮೇಲೆ ಒಂದಷ್ಟು ಓದಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಂಕೆಲ್‌ಹೋರ್ 1984ರಲ್ಲಿ ಹೇಳಿದ, ದೌರ್ಜನ್ಯ ಎಸಗುವವನು ದಾಟುವ ನಾಲ್ಕು ಹಂತ ನನಗೆ ಉಪಯೋಗಕ್ಕೆ ಬಂತು. ಮೊದಲನೆಯದು, ಅವನೊಳಗಿನ ಕಾರಣ. ಮಕ್ಕಳ ಮೇಲಿನ ಆಸೆಯೇ ಆಗಬೇಕೆಂದಿಲ್ಲ. ದೊಡ್ಡವರ ಜೊತೆ ಬೆರೆಯಲಾಗದ ಒಂಟಿತನ, ಯಾರ ಮೇಲಾದರೂ ಜೋರು ನಡೆಸುವ ಚಟವೂ ಇರಬಹುದು. ಕೆಲವರು ಚಿಕ್ಕವರಿದ್ದಾಗ ತಾವೇ ದೌರ್ಜನ್ಯಕ್ಕೆ ಒಳಗಾಗಿರುತ್ತಾರೆ. ಆದರೆ ಹಾಗೆ ನೊಂದವರಲ್ಲಿ ಹೆಚ್ಚಿನವರು ಯಾರನ್ನೂ ನೋಯಿಸುವುದಿಲ್ಲ, ಸುಮ್ನೆ ಅವರನ್ನು ಅನುಮಾನಿಸಬೇಡಿ.

ಎರಡನೆಯದು, ಮನಸ್ಸಾಕ್ಷಿಯ ಬಾಯಿ ಮುಚ್ಚಿಸುವುದು. ಅದಕ್ಕೆ ಕುಡಿತ ಇದೆ, ಸಬೂಬೂ ಇದೆ: "ಮಗು ಅಲ್ವಾ, ಮರೆತುಬಿಡುತ್ತೆ." ಮನೆ ಮರ್ಯಾದೆ ಅಂತ ಸುಮ್ಮನಾಗುವ ನಾವೂ ಆ ಸಬೂಬಿಗೆ ನೀರೆರೆಯುತ್ತೇವೆ.

ಮೂರನೆಯದು ಕಣ್ಣಿಗೆ ಕಾಣುತ್ತದೆ: ಮಗುವಿನ ಸುತ್ತಲಿನ ಕಾವಲು ದಾಟುವುದು. ಅವನು ಮೊದಲು ಒಲಿಸಿಕೊಳ್ಳುವುದು ಅಪ್ಪ ಅಮ್ಮನನ್ನು. ಪುಕ್ಕಟೆ ಟ್ಯೂಷನ್, ಬೈಕಿನಲ್ಲಿ ಡ್ರಾಪ್, ಹಬ್ಬಕ್ಕೆ ಬಟ್ಟೆ. ಹೀಗೆ ಮಾಡುವವರೆಲ್ಲ ಕೆಟ್ಟವರಲ್ಲ. "ಬಾಗಿಲು ತೆರೆದಿರಲಿ", "ನಾನೂ ಬರ್ತೀನಿ" ಅಂದು ನೋಡಿ. ಮತ್ತೆ ಮತ್ತೆ ಮಗುವಿನ ಜೊತೆ ಒಂಟಿಯಾಗಿರಲು ದಾರಿ ಹುಡುಕಿದರೆ ಅಲ್ಲಿಗೇ ನಿಲ್ಲಿಸಿ. ಸರಿ ಅಂದವರ ಮನೆಯಲ್ಲೂ ಬಾಗಿಲು ತೆರೆದೇ ಇರಲಿ.

ಕೊನೆಯದು, ಮಗುವನ್ನು ಬಗ್ಗಿಸುವುದು. "ಇದು ನಮ್ಮಿಬ್ಬರ ಗುಟ್ಟು" ಅಂತ ಶುರುವಾಗುತ್ತದೆ. ಅಂಥ ಗುಟ್ಟನ್ನು ಅಮ್ಮನಿಗೆ ಹೇಳಲೇಬೇಕು ಅಂತ ಊಟದ ಹೊತ್ತಿಗೆ ಹೇಳಿಕೊಡಿ, ಗಂಡುಮಕ್ಕಳಿಗೂ. "ಮಾವಂಗೆ ಮುತ್ತು ಕೊಡು" ಅಂತ ಒತ್ತಾಯ ಮಾಡುವುದನ್ನು ಬಿಡಿ.

ಮಗು ಬಾಯಿಬಿಟ್ಟರೆ ನಂಬಿ. ಕೆದಕಿ ಕೆದಕಿ ಕೇಳಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಲ್ಲಿ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. ಹೇಳಿಕೆಯನ್ನು ಮಗುವಿನ ಮನೆಯಲ್ಲೇ ಪಡೆಯಬಹುದು, ಆಗ ಪೊಲೀಸರು ಯೂನಿಫಾರ್ಮ್‌ನಲ್ಲಿ ಇರುವಂತಿಲ್ಲ. ನಮ್ಮ ಬೀದಿಯ ಆ ತಾಯಿಗೆ ಇದು ಗೊತ್ತಿರಲಿಲ್ಲ. ಮಗಳನ್ನು ಠಾಣೆ ಮೆಟ್ಟಿಲು ಹತ್ತಿಸಬೇಕಲ್ಲ ಅನ್ನುವ ಹೆದರಿಕೆಯಲ್ಲೇ ಮೂರು ವಾರ ಕಳೆದಿದ್ದರು.