ಕಣಕುಂಬಿ ಗದ್ದ್ಯಾಗ ಶೇಂಗಾ ಎಣಿಸಿದ ರಾತ್ರಿ

ಬೆಳಗಾವ್ಯಾಗ ನಮ್ಮ ಮನಿ ಮಾಳಿಗಿ ಮ್ಯಾಲೆ ನಿಂತ್ರ ಕಾಣೋ ಚಿಕ್ಕಿ ಅಷ್ಟೂ ನಂಗ ಹೆಸರ ಹಿಡದು ಗೊತ್ತು, ಯಾಕಂದ್ರ ಕಾಣೋದs ಒಂದ್ ಮೂವತ್ತು. ಅದೇ ಸೊಕ್ಕಿನ್ಯಾಗ 2023ರ ಡಿಸೆಂಬರ್ 14ಕ್ಕ ಅಕ್ಕನ ಮಗನ್ನ ಒಂದಿನ ಶಾಲಿ ತಪ್ಪಿಸಿ, ಅಕ್ಕನ ಕಡೆ ಚಂದಗೆ ಬೈಸ್ಕೊಂಡು, ಜಾಂಬೋಟಿ ಮ್ಯಾಲೆ ಹಾದು ಗೋವಾ ದಾರ್ಯಾಗಿನ ಕಣಕುಂಬಿ ಊರಿಗೆ ಹೋದೆ. ಜೆಮಿನಿಡ್ ಉಲ್ಕಾಪಾತ ಜೋರಿರೋ ರಾತ್ರಿ ಅದು. ಛಟ್ಟಿ ಅಮಾಸಿ ಆಗಿ ಎರಡ ದಿನ ಆಗಿತ್ತು, ಚಂದ್ರ ಉಗುರಿನಷ್ಟs ಇದ್ದ, ಏಳೂವರಿ ಒಳಗ ಅವನೂ ಮುಳುಗಿದ.

ಮೊದ್ಲs ಹೇಳಿಬಿಡ್ತೀನಿ, ಅಲ್ಲೇ ಬಾಜೂಕಿರೋ ಭೀಮಗಡ ಅಭಯಾರಣ್ಯದೊಳಗ ರಾತ್ರಿ ಟೆಂಟ್ ಹೊಡಿಯೋ ವಿಚಾರ ಮಾಡಬ್ಯಾಡ್ರಿ, ಕರಡಿ ಅದಾವ, ಕಾಡುಕೋಣ ಅದಾವ, ಪರ್ಮಿಶನ್ನೂ ಇಲ್ಲ. ನಾವು ಪರಿಚಯದ ಕಾಕಾ ಒಬ್ರ ಮನಿ ಹಿಂದಿನ ಗದ್ದ್ಯಾಗ ಮಲ್ಕೊಂಡಿದ್ವಿ. ಭತ್ತ ಕೊಯ್ದಾಗಿತ್ತು, ಕೆಳಗ ಹುಲ್ಲು ಹಾಸಿ ಅದರ ಮ್ಯಾಲೆ ತಾಡಪತ್ರಿ, ಮ್ಯಾಲೆ ಸೊಲ್ಲಾಪುರ ಚಾದರ ಎರಡೆರಡು.

ದೀಪ ಆರ್ಸಿದ ಮೊದಲ ಐದ ನಿಮಿಷ ಅಳಿಯಗ ಭಾಳ ನಿರಾಸೆ ಆತು, "ಮಾಮಾ, ಇಷ್ಟs ಏನು?" ಅಂದ. ತಡಿ, ಕಣ್ಣ ಕತ್ತಲಿಗೆ ಹೊಂದಾಕ ಇಪ್ಪತ್ತ್ ಮೂವತ್ತ್ ನಿಮಿಷ ಬೇಕು ಅಂದೆ. ಹದಿನೈದ ನಿಮಿಷ ಆಗಿರಬೇಕು, ಗೋವಾ ಕಡೆಯಿಂದ ಒಂದು ಗಾಡಿ ಹೆಡ್‌ಲೈಟ್ ಸೀದಾ ನಮ್ಮ ಮುಖಕ್ಕ ಹೊಡಕೊಂಡು ಹೋತು, ಮತ್ತ ಶುರುವಿಂದ ಕಾಯಬೇಕಾತು. ಟಾರ್ಚಿಗೆ ಕೆಂಪ ಜಿಲೆಟಿನ್ ಪೇಪರ್ ಎರಡ ಮಡಿಕಿ ಕಟ್ಟಿದ್ದೆ, ಕೆಂಪ ಬೆಳಕಿಗೆ ಕಣ್ಣ ಅಷ್ಟು ಕೆಡಂಗಿಲ್ಲ. ಆದ್ರ ಅಳಿಯ ಟೈಮ್ ನೋಡಾಕಂತ ಮೊಬೈಲ್ ತಗದ್ರ ಮುಗೀತು, ಕಡೀಕ ಕಸ್ಕೊಂಡು ನನ್ನ ಚೀಲದಾಗ ಹಾಕಿದೆ.

ಆಮ್ಯಾಲೆ ಕಣ್ಣ ತೆರೀತು ನೋಡ್ರಿ. ನಾನs ದಾರಿ ತಪ್ಪಿದೆ! ಪೆಗಾಸಸ್ ಚೌಕ ಅಂತ ಒಂದೈತಿ, ನಾಕ್ ಮೂಲ್ಯಾಗ ನಾಕ್ ಚಿಕ್ಕಿ, ನಡುವ ಖಾಲಿ ಅಂಗಳ, ಊರಾಗ ಅದನ್ನ ಹುಡುಕೋದು ಎಡಗೈ ಕೆಲಸ. ಇಲ್ಲಿ ಆ ಅಂಗಳದಾಗs ಸಣ್ಣ ಸಣ್ಣ ಚಿಕ್ಕಿ ಚೆಲ್ಲಿದ್ವು, ಸುತ್ತಲೂ ಅದೇ ಕಥಿ, ಹತ್ತ ನಿಮಿಷ ಚೌಕ ಸಿಗಲಿಲ್ಲ. ಅಳಿಯನ ಮುಂದ ಮರ್ಯಾದಿ ಹೋಗಬಾರ್ದಂತ ಗುರು ಗ್ರಹ ತೋರ್ಸಿ ಸಮಾಧಾನ ಮಾಡಿದೆ, ದುರ್ಬೀನದಾಗ ಅದರ ಉಪಗ್ರಹ ಮೂರು ಕಂಡ್ವು. ಧ್ರುವ ಹಿಡದು ಹೋಗೋಣಂದ್ರ ನಮ್ಮ ಕಡೆ ಅವನು ನೆಲದಿಂದ ಒಂದೂವರಿ ಮುಷ್ಟಿ ಎತ್ತರಾನs ಇರೋದು (ಕೈ ಚಾಚಿ ಅಳದ್ರ ಒಂದ ಮುಷ್ಟಿ ಹತ್ತ ಡಿಗ್ರಿ), ಅಲ್ಲಿ ಗುಡ್ಡದ ಗಿಡ ಅಡ್ಡ. ಕಡೀಕ ಚೌಕ ಸಿಕ್ತು, ಅದರ ಮೂಲಿಯಿಂದ ಬಡಗಣಕ್ಕ ಸರದ್ರ ಆಂಡ್ರೊಮಿಡಾ ಗ್ಯಾಲಕ್ಸಿ, ಬರಿಗಣ್ಣಿಗೆ, ಹಾಲ ಒರಸಿದ ಬಟ್ಟಿ ಕಲಿ ಇದ್ದಂಗ. ಅದನ್ನ ಸೀದಾ ನೋಡಿದ್ರ ಮಾಯ ಆಗ್ತೈತಿ, ಸ್ವಲ್ಪ ಬಾಜೂಕ ನೋಡಬೇಕು. ಆ ಬೆಳಕು ಹೊಂಟು 25 ಲಕ್ಷ ವರ್ಷ ಆತು ಅಂದ್ರ ಅಳಿಯ ಏನೂ ಮಾತಾಡಲಿಲ್ಲ. ಕೃತ್ತಿಕಾ ಅನ್ನೋ ಚಿಕ್ಕಿ ಗೊಂಚಲದಾಗ ಊರಾಗ ಐದು ಎಣಿಸ್ತಿದ್ದೆ, ಅಲ್ಲಿ ಎಂಟು ಎಣಿಸಿದೆ, ಅವಾ ಒಂಬತ್ತು ಅಂತಾನ, ಹುಡುಗರ ಕಣ್ಣು ಬಿಡ್ರಿ.

ಫೋಟೋ ಕಥಿ ಬ್ಯಾರೆ. 18 ಎಂಎಂ ಲೆನ್ಸ್, ನನ್ನ ಕ್ಯಾಮೆರಾದ ಶಟರ್ 18 ಸೆಕೆಂಡ್ ದಾಟಿ ತೆರದಿದ್ರ ಚಿಕ್ಕಿ ಗೀಟ ಆಗ್ತಾವ, ಅದಕ್ಕ 15 ಸೆಕೆಂಡ್, ಐಎಸ್ಒ (ಬೆಳಕು ಹಿಡಿಯೋ ಸೂಕ್ಷ್ಮತೆ) 3200, ಲುಬ್ಧಕ ಅನ್ನೋ ಭಾಳ ಹೊಳಿಯೋ ಚಿಕ್ಕಿ ಮ್ಯಾಲೆ ಕೈಲೆ ಫೋಕಸ್ ಮಾಡಿ ಇಟ್ಟೆ. ಹನ್ನೊಂದರ ಸುಮಾರಿಗೆ ನೋಡಿದ್ರ ಫೋಟೋ ಎಲ್ಲಾ ಮಬ್ಬು ಮಬ್ಬು, ಲೆನ್ಸ್ ಮ್ಯಾಲೆ ಇಬ್ಬನಿ! ಒರಸಿದ್ರ ಎರಡ ನಿಮಿಷಕ್ಕ ಮತ್ತ ಅದೇ. ಕಾಕಾನ ಮನಿಯವ್ರು ನೋಡಿ, ಮಂಡಿನೋವಿಗೆ ಮಾಡೋ ಹಂಗ, ಹಂಚಿನ ಮ್ಯಾಲೆ ಉಪ್ಪು ಹುರದು ಬಟ್ಯಾಗ ಗಂಟ ಕಟ್ಟಿ ಕೊಟ್ರು. ಅದನ್ನ ನನ್ನ ಕಾಲಚೀಲದಾಗ ಹಾಕಿ ಲೆನ್ಸಿಗೆ ಸುತ್ತಿದೆ, ಒಂದ ತಾಸು ಸ್ವಚ್ಛ ಇತ್ತು. ಈಗ ಎಲ್ಲಿ ಹೋದ್ರೂ ಒಂದ ಪಾವಕಿಲೋ ಉಪ್ಪು ಒಯ್ತೀನಿ.

ಹನ್ನೆರಡರ ಮ್ಯಾಲೆ, ಈ ಉಲ್ಕೆ ಹೊಂಟಂಗ ಕಾಣೋ ಮಿಥುನ ರಾಶಿ (ಜೆಮಿನಿ) ಏರಿದಂಗೆಲ್ಲಾ ಉಲ್ಕೆ ಬೀಳಾಕ ಹತ್ತಿದ್ವು. ಇವು ಧೂಮಕೇತುದ ಧೂಳಲ್ಲ, ಫೇಥಾನ್ ಅನ್ನೋ ಕ್ಷುದ್ರಗ್ರಹ ಬಿಟ್ಟು ಹೋದದ್ದು, ಸೆಕೆಂಡಿಗೆ 35 ಕಿಲೋಮೀಟರ್ ಅಂದ್ರೂ ಬ್ಯಾರೆ ಉಲ್ಕಾಪಾತದ ಮುಂದ ಇವು ನಿಧಾನ, "ಅಲ್ನೋಡ" ಅನ್ನಾಕ ಟೈಮ್ ಸಿಗ್ತೈತಿ. ಒಂದು ದಕ್ಷಿಣಕ್ಕ ಅಗಸ್ತ್ಯ ಅನ್ನೋ ಚಿಕ್ಕಿ ಕಡೆ ಹಳದಿ ಆಗಿ ಇಳದಿದ್ದು, ಅದರ ಬೆಳಕಿಗೆ ಪಕ್ಕದಾಗ ಮಲಗಿದ್ದ ಹುಡುಗನ ಮೂಗು ಕಂಡ್ತು ನಂಗ. ಕಾಕಾ ಹುಲ್ಲಿನ ಮ್ಯಾಲೆ ಕುಂತು ಬೀಡಿ ಸೇದ್ಕೊಂತ, ದಿನಾ ಇರ್ತಾವಲ್ಲ ಇವು, ಇದಕ್ಕಂತ ಬೆಳಗಾವಿಂದ ಬಂದ್ರೇನು ಅಂತ ನಕ್ರು.

ಲೆಕ್ಕಾ ಹಿಡಿಯಾಕ ಅಳಿಯನ ಕೈಯಾಗ ನೂರು ಶೇಂಗಾ ಎಣಿಸಿ ಕೊಟ್ಟಿದ್ದೆ, ಒಂದು ಬಿದ್ರ ಒಂದ ಶೇಂಗಾ ಎಡಗಡೆ ಕಿಸೇದಿಂದ ಬಲಗಡೆ ಕಿಸೇಕ. ಎರಡು ಗಂಟೆಗೆ ಟಾರ್ಚ್ ಹಾಕಿ ನೋಡಿದ್ರ ಎಡಗಡೆ 14, ಬಲಗಡೆ 61, ಉಳದದ್ದು ಎಲ್ಲಿ ಅಂತ ಕೇಳಿದ್ರ ಉತ್ತರ ಇಲ್ಲ, ಚಾದರದಾಗ ಬರೀ ಸಿಪ್ಪಿ.